ಹಾಲಪ್ಪನ ಬರಿಗಾಲು, ಸಂಘದ ನೀಲಿ ದೀಪ

ನಮ್ಮೂರಿನಿಂದ ಆಸ್ಪತ್ರೆಯ ಊರಿಗೆ ಹೋಗುವ ಒಂಬತ್ತು ಮೈಲಿ ದಾರಿಯಲ್ಲಿ ಒಂದು ಏರು ಇದೆ. ಎಲ್ಲಿದೆ ಎಂದು ಕೇಳುವವರು ಹೊರಗಿನವರು. ನಾವು ಕೇಳುವುದು, ಇವತ್ತು ಎಲ್ಲಿದೆ ಎಂದು. ಬೆಳಿಗ್ಗೆ ಹುಣಸೆಮರದ ಬಳಿ ಮಲಗಿದ್ದ ಏರು ಮಧ್ಯಾಹ್ನಕ್ಕೆ ಕುಂಬಾರರ ಆವಿಗೆಯ ಹತ್ತಿರ ಎದ್ದು ನಿಂತಿರುತ್ತದೆ. ದಾರಿ ಬದಿಯ ಹೊಲದವರು ಬದುವನ್ನು ನಾಲ್ಕೂ ಕಡೆ ಒಂದೇ ಎತ್ತರಕ್ಕೆ ಕಟ್ಟುತ್ತಾರೆ, ಮಳೆಯ ನೀರು ಯಾವ ಮೂಲೆಗೆ ಓಡುತ್ತದೋ ಹೇಳಲಾಗದು. ಕುಂಬಾರರು ಸುಟ್ಟ ಗಡಿಗೆಗಳನ್ನು ಹಗ್ಗದ ಬಲೆಯಲ್ಲಿ ಬಿಗಿದಿಡುತ್ತಾರೆ. ಚಹಾದಂಗಡಿಯ ಖಾಸೀಮಸಾಬ ಅರ್ಧ ಗ್ಲಾಸಿಗಿಂತ ಮೇಲೆ ಚಹಾ ಹಾಕುವುದಿಲ್ಲ. ಯಾಕೆಂದು ಕೇಳಿದರೆ, "ಉಳಿದರ್ಧ ಏರಿನ ಪಾಲ್ರಿ" ಎನ್ನುತ್ತಾನೆ. ಹೆಣ್ಣು ಕೊಡುವವರು ಹುಡುಗನ ಹೊಲ ಎಷ್ಟು ಎಂದು ಆಮೇಲೆ ಕೇಳುತ್ತಾರೆ, ಮೊದಲು ಮನೆ ದಾರಿಯಿಂದ ಎಷ್ಟು ಒಳಗಿದೆ ಎಂದು ಕೇಳುತ್ತಾರೆ. ಹೀಗೆ ಬದುಕಿಕೊಂಡು ಬಂದಿದ್ದೇವೆ. ಏರಿನ ಮೇಲೆ ನಮಗೆ ಸಿಟ್ಟಿಲ್ಲ. ನನ್ನ ಸಿಟ್ಟೆಲ್ಲ ಬೇರೆಯವರ ಮೇಲೆ, ಅದರಲ್ಲಿ ಒಂದು ಪಾಲು ನನ್ನ ಮೇಲೆಯೇ.

ಆ ದಾರಿಯಲ್ಲಿ ಓಡುವುದು ಒಂದೇ ವ್ಯಾನು, ನಮ್ಮ ಪ್ರಯಾಣಿಕರ ಸಂಘದ್ದು. ಅದರಲ್ಲಿ ನಾನು ಹನ್ನೊಂದು ವರ್ಷದಿಂದ ಕಂಡಕ್ಟರ್. ಗಂಡ ತೀರಿಕೊಂಡ ವರ್ಷ ಸಂಘದವರು ಟಿಕೆಟ್ಟಿನ ಚೀಲ ಕೊಟ್ಟರು, ಆ ಉಪಕಾರವನ್ನು ಮರೆಯುವುದಿಲ್ಲ. ಡ್ರೈವರು ಹಾಲಪ್ಪ. ನನಗಿಂತ ಹದಿನೈದು ವರ್ಷ ದೊಡ್ಡವನು, ನನ್ನನ್ನು ತಂಗಿ ಎನ್ನುತ್ತಿದ್ದ, ನಾನು ಅಣ್ಣಾ ಎನ್ನುತ್ತಿದ್ದೆ. ಅವನು ವ್ಯಾನು ಹತ್ತಿದ ಕೂಡಲೇ ಬಲಗಾಲಿನ ಚಪ್ಪಲಿ ಬಿಟ್ಟು ಸೀಟಿನ ಕೆಳಗೆ ತಳ್ಳುತ್ತಿದ್ದ. ಎಡಗಾಲಿಗೆ ಚಪ್ಪಲಿ, ಬಲಗಾಲು ಬರಿದು. ಆ ಬರಿಗಾಲಿಗೆ ಏರು ಬರುವುದು ಮೊದಲು ಗೊತ್ತಾಗುತ್ತಿತ್ತು. ನಮ್ಮ ಕಣ್ಣಿಗೆ ದಾರಿ ರೊಟ್ಟಿಯ ಹಾಗೆ ಸಪಾಟಾಗಿಯೇ ಕಾಣುತ್ತಿರುವಾಗ ಅವನು, "ಇಳೀರೆಪ್ಪಾ, ಬಂತು" ಎನ್ನುತ್ತಿದ್ದ. ಅಷ್ಟೇ. ಗಟ್ಟಿಯಾಗಿ ಇದ್ದವರೆಲ್ಲ ಇಳಿಯುತ್ತಿದ್ದರು. ಮುದುಕರು, ಬಸುರಿಯರು, ಕೂಸು ಎತ್ತಿಕೊಂಡವರು ಒಳಗೇ ಕೂಡುತ್ತಿದ್ದರು. ಹಿಂದಿನ ಬಾಗಿಲ ಹತ್ತಿರ ಎರಡು ಕಲ್ಲು ಇರುತ್ತಿದ್ದವು, ಒಂದೊಂದು ತೆಂಗಿನಕಾಯಿಗಿಂತ ಮೂರು ಪಟ್ಟು ದೊಡ್ಡವು, ಒಂದು ಬದಿಗೆ ಚಪ್ಪಟೆ. ಇಳಿದವರಲ್ಲಿ ಇಬ್ಬರು ಅವನ್ನು ಹೊತ್ತುಕೊಂಡು ಹಿಂದಿನ ಗಾಲಿಗಳ ಪಕ್ಕದಲ್ಲೇ ನಡೆಯಬೇಕು. ವ್ಯಾನು ಉಸಿರು ಕಟ್ಟಿ ನಿಂತರೆ ತಕ್ಷಣ ಗಾಲಿಯ ಹಿಂದೆ ಕಲ್ಲು ಕೊಡಬೇಕು. ಎಲ್ಲರೂ ನೆತ್ತಿ ಮುಟ್ಟಿದ ಮೇಲೆ ಮತ್ತೆ ಹತ್ತುವುದು. ಈ ಪದ್ಧತಿ ಎತ್ತಿನ ಗಾಡಿಯ ಕಾಲದ್ದು. ಯಾಕೆ ಇಳಿಯಬೇಕೆಂದು ಯಾರೂ ಯಾವತ್ತೂ ಕೇಳಿದ್ದಿಲ್ಲ.

ಹಳೆಯ ವ್ಯಾನು ಪೂರಾ ಸವೆದ ಮೇಲೆ ಸಂಘದವರು ಹೊಸ ಪೆಟ್ರೋಲ್ ವ್ಯಾನು ತಂದರು. ಅದರ ಎಂಜಿನ್ನಿನಲ್ಲಿ ವಾಲ್ವುಗಳು ತೆರೆಯುವ ಮುಚ್ಚುವ ಹೊತ್ತು ತಾನಾಗಿ ಬದಲಾಗುತ್ತದಂತೆ. ನಿಧಾನಕ್ಕೆ ಓಡುವಾಗ ಒಂದು ಥರ, ಜೋರಾಗಿ ತಿರುಗುವಾಗ ಇನ್ನೊಂದು ಥರ. ನನಗೆ ತಿಳಿಯಲಿಲ್ಲ. ಹಾಲಪ್ಪನೇ ತಿಳಿಸಿ ಹೇಳಿದ: "ತಂಗಿ, ಬೀಸೋಕಲ್ಲಿನ ಮುಂದ ಕುಂತಾಗ ಮೊದಲ ಹಾಡು ಹೇಳಿಕೋತ ಬೀಸ್ತಿ. ಜ್ವಾಳ ಜಾಸ್ತಿ ಬಿದ್ದು ಕಲ್ಲು ಜೋರ ತಿರುವಬೇಕಾದ್ರ ಹಾಡು ನಿಂತು ಉಸಿರು ಬ್ಯಾರೆ ಆಗತೈತಿ. ಉಸಿರು ಬದಲ ಮಾಡಬೇಕಂತ ನೀ ಏನು ವಿಚಾರ ಮಾಡ್ತಿಯೇನು? ತಾನ ಆಗತೈತಿ. ಇದೂ ಹಂಗ." ಅಂದಿನಿಂದ ನಾನೂ ಕಿವಿ ಕೊಟ್ಟೆ. ನಿಜ, ಎಂಜಿನ್ನು ಒಂದು ಹಂತ ದಾಟಿದಾಗ ಅದರ ದನಿ ಎದೆಯಿಂದ ಗಂಟಲಿಗೆ ಏರಿದ ಹಾಗೆ ಕೇಳುತ್ತಿತ್ತು.

ಸಂಘದ ಕಾರ್ಯದರ್ಶಿ ಶಿವಲಿಂಗಯ್ಯನವರು ಹೊಸ ವ್ಯಾನಿನ ಜೊತೆ ಬಂದ ಪುಸ್ತಕವನ್ನು ಮೂರು ದಿನ ಕೂತು ಓದಿದರು. ಓದಿದ್ದೇ ತಪ್ಪಾಯಿತು. ತಿಂಗಳ ಸಭೆಯಲ್ಲಿ ಎದ್ದು ನಿಂತು, "ಬಾಗಿಲು ಸರಿಯಾಗಿ ಹಾಕಲಿಲ್ಲಂದ್ರ ಒಂದು ದೀಪ. ಬೆಲ್ಟ್ ಕಟ್ಟಲಿಲ್ಲಂದ್ರ ಒಂದು ದೀಪ. ಎಣ್ಣಿ ಇಳದ್ರ ಒಂದು ದೀಪ. ಎಂಜಿನ್ನಿನ ಒಳಗ ಇಷ್ಟು ದೊಡ್ಡ ಬದಲಾವಣಿ ಆಗತೈತಿ, ಅದಕ್ಕ ಒಂದೂ ದೀಪ ಇಲ್ಲ. ಡ್ರೈವರಗ ಹ್ಯಾಂಗ ಗೊತ್ತಾಗಬೇಕು?" ಎಂದರು.

ಹಾಲಪ್ಪ ಗೋಡೆಗೆ ಆನಿಸಿ ಕೂತಿದ್ದವನು, "ಗೊತ್ತಾಗಿ ನಾ ಏನು ಮಾಡಬೇಕ್ರಿ?" ಎಂದ.

"ಅಂದ್ರ?"

"ಎಣ್ಣಿ ದೀಪ ಹತ್ತಿದ್ರ ಎಣ್ಣಿ ಹಾಕ್ತೀನಿ. ಬಾಗಿಲದ ದೀಪ ಹತ್ತಿದ್ರ ಬಾಗಿಲ ಹಾಕ್ತೀನಿ. ಇದು ಹತ್ತಿದ್ರ ಏನು ಮಾಡ್ಲಿ? ಚಪ್ಪಾಳಿ ತಟ್ಟಲೇನು?"

ಜನ ನಕ್ಕರು. ಶಿವಲಿಂಗಯ್ಯನವರ ಕಿವಿ ಕೆಂಪಾದವು. ಅವರಿಗೆ ಹಾಲಪ್ಪನ ಮೇಲೆ ಹಳೆಯ ಮುನಿಸು ಇತ್ತು. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ, ಮಗಳ ಬೀಗರ ಮನೆಗೆ ಹೊರಟಿದ್ದಾಗ, ಅವರ ಬಿಳಿ ಧೋತರವನ್ನೂ ನೋಡದೆ ಅವನು "ಇಳೀರೆಪ್ಪಾ" ಎಂದಿದ್ದ. ಮೊಣಕಾಲವರೆಗೆ ಕೆಸರಾಗಿತ್ತು. ಬೀಗರ ಅಂಗಳದಲ್ಲಿ ಕಾಲು ತೊಳೆದುಕೊಂಡು ಒಳಗೆ ಹೋಗಬೇಕಾಯಿತೆಂದು ಅವರು ಇಂದಿಗೂ ಹೇಳುತ್ತಾರೆ.

"ಕೆಟ್ರ ಹೇಳೋ ದೀಪ ಅದರಾಗ ಮೊದಲ ಐತ್ರಿ" ಎಂದ ಹಾಲಪ್ಪ. "ಕೆಡದ ಚೊಲೋ ನಡದಾಗ ಸುಮ್ಮ ಬಿಡ್ರಿ ಅದನ್ನ. ದಾರಿ ನೋಡೋ ಕಣ್ಣಿಗೆ ಇನ್ನೊಂದು ಯಾಕ?"

"ನಿನ್ನ ಕಣ್ಣಿನ ಮಾತಲ್ಲೋ ಇದು" ಎಂದರು ಶಿವಲಿಂಗಯ್ಯನವರು. "ನಿನ್ನ ಒಬ್ಬನ ಕಾಲಿಗೆ ಗೊತ್ತಾಗಿ, ನೀ ಇಳೀರಿ ಅಂದ್ರ ಇಳೀಬೇಕು, ಹತ್ತರಿ ಅಂದ್ರ ಹತ್ತಬೇಕು. ನಿನ್ನ ಕಾಲನ್ನ ತನಿಖಿ ಮಾಡಾವ್ರು ಯಾರು? ದೀಪ ಇದ್ರ ಮೂವತ್ತು ಮಂದಿಗೂ ಕಾಣತೈತಿ."

ಈ ಮಾತು ಜನಕ್ಕೆ ಹಿಡಿಸಿತು. ಸುಳ್ಳು ಯಾಕೆ, ನನಗೂ ಹಿಡಿಸಿತು. ಹಾಲಪ್ಪ ಮತ್ತೆ ಎದ್ದು, "ಅದು ಎಂಜಿನ್ನಿನ ಉಸಿರು ತೋರಿಸತೈತ್ರಿ, ಏರು ತೋರಿಸೂದಿಲ್ಲ. ಎರಡೂ ಬ್ಯಾರೆ" ಎಂದ. ಆದರೆ ಅಷ್ಟರಲ್ಲಿ ಚಹಾ ಬಂದಿತ್ತು. ಅರ್ಧ ಗ್ಲಾಸಿನ ಚಹಾ ಬೇಗ ಆರುತ್ತದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ದೀಪ ಬಂತು, ಎಂಜಿನ್ನು ಜೋರಾಗಿ ತಿರುಗಿ ಅದರ ದನಿ ಬದಲಾದಾಗ ಹತ್ತುವಂಥದ್ದು. ನೀಲಿ ಬಣ್ಣದ್ದು, ಕರಿಬೇವಿನ ಹಣ್ಣಿನಷ್ಟು ಅಂದುಕೊಂಡಿದ್ದೆ, ನಿಂಬೆಹಣ್ಣಿನಷ್ಟಿತ್ತು. ಹಿಂದಿನ ಸೀಟಿನವರಿಗೂ ಕಾಣಲೆಂದು ಮೀಟರುಗಳ ಮೇಲೆ ಎತ್ತರಕ್ಕೆ ಕೂಡಿಸಿದರು. ಮೊದಲ ದಿನ ಅರಿಶಿನ ಕುಂಕುಮ ಹಚ್ಚಿದವಳು ನಾನೇ. ಪಕ್ಕದಲ್ಲಿ ಒಂದು ತಗಡಿನ ಹಲಗೆ: ನೀಲಿ ದೀಪ ಹತ್ತಿದಾಗ ಮಾತ್ರ ಇಳಿಯತಕ್ಕದ್ದು. ಹತ್ತದೆ ಇಳಿಸತಕ್ಕದ್ದಲ್ಲ. ಅಪ್ಪಣೆಯ ಮೇರೆಗೆ.

ನನಗೆ ಹಗುರವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಮೊದಲು ಇಳಿಯಲು ಬೇಸರಪಡುವವರ ಹತ್ತಿರ ಗಂಟಲು ಹರಿದುಕೊಳ್ಳಬೇಕಿತ್ತು. ಈಗ, "ದೀಪ ನೋಡ್ರಿ" ಎಂದರೆ ಮುಗಿಯಿತು. ಹೆಂಗಸರು ಅದಕ್ಕೆ ಕೈ ಮುಗಿಯತೊಡಗಿದರು. ಅದು ಹತ್ತಿದ ಕೂಡಲೇ ಮಕ್ಕಳು ಕೂಗುತ್ತಿದ್ದರು. ಹಾಲಪ್ಪ ಸಪಾಟು ದಾರಿಯಲ್ಲಿ ಮೇವಿನ ಗಾಡಿಯೊಂದನ್ನು ಹಿಂದೆ ಹಾಕಲು ಜೋರು ಮಾಡಿದರೂ ದೀಪ ಹತ್ತುತ್ತಿತ್ತು. ಜನ ದಡಬಡನೆ ಎದ್ದು ಬಾಗಿಲಿಗೆ ಬರುತ್ತಿದ್ದರು. "ಕುಂಡ್ರಿ, ಏರಿಲ್ಲ ಇಲ್ಲಿ" ಎಂದರೆ, "ದೀಪ ಹತ್ತೈತಲ್ಲೋ ಹಾಲಪ್ಪ, ನಿನಗಿಂತ ಅದಕ್ಕ ಗೊತ್ತು" ಎನ್ನುತ್ತಿದ್ದರು. ಇಳಿದು, ಅಂಗೈಯಂಥ ದಾರಿಯಲ್ಲಿ ಕಲ್ಲು ಹೊತ್ತು ನಡೆದು, ಇಲ್ಲದ ನೆತ್ತಿಯಲ್ಲಿ ಮತ್ತೆ ಹತ್ತುತ್ತಿದ್ದರು. ಹೊಲದಲ್ಲಿ ಕಳೆ ತೆಗೆಯುವವರು ನೋಡಿ ನಗುತ್ತಿದ್ದರು, ಮರುದಿನ ತಾವು ವ್ಯಾನಿನಲ್ಲಿದ್ದಾಗ ತಾವೂ ಹಾಗೆಯೇ ಇಳಿಯುತ್ತಿದ್ದರು. ಇನ್ನು ಏರು ನಿಜವಾಗಿ ಕಾಲ ಕೆಳಗೆ ಬಂದಾಗ ಎಂಜಿನ್ನು ಭಾರ ಬಿದ್ದು ನಿಧಾನವಾಗುತ್ತದೆ, ಆಗ ದೀಪ ಹತ್ತುವುದಿಲ್ಲ. ಹಾಲಪ್ಪ ಗೇರು ಇಳಿಸಿ ಜೋರು ಮಾಡಿದ ಮೇಲೆ ಹತ್ತುತ್ತದೆ. ಆ ನಡುವಿನ ಅಷ್ಟು ಹೊತ್ತು ಅವನು ಮೂವತ್ತು ಮಂದಿಯನ್ನು ಹೊತ್ತು ಹಲ್ಲು ಕಚ್ಚುತ್ತಿದ್ದ. ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. ಕಲ್ಲುಗಳು ಬಾಗಿಲ ಹತ್ತಿರ ಕಾಲಿಗೆ ತಾಗುತ್ತವೆ ಎಂದು ಯಾರೋ ಅಂದರು, ದೀಪ ಹತ್ತಿದಾಗ ತೆಗೆದರಾಯಿತು ಎಂದು ಹಿಂದಿನ ಸೀಟಿನ ಕೆಳಗೆ, ಚೀಲಗಳ ಹಿಂದೆ ಸರಿಸಿದೆ. ಸರಿಸಿದ ಕೈ ಇದೇ.

ಆವತ್ತು ಸಂತೆಯ ಮರುದಿನ. ಮಧ್ಯಾಹ್ನದ ಬಿಸಿಲು ಹೆಂಚಿನ ಹಾಗೆ ಕಾದಿತ್ತು. ವ್ಯಾನಿನಲ್ಲಿ ಕಾಲಿಡಲು ಜಾಗವಿಲ್ಲ. ಮುಂದಿನ ಕಿಟಕಿಯ ಪಕ್ಕ ಸೂಲಗಿತ್ತಿ ಗುರುಬಸವ್ವ ಕೂತಿದ್ದಳು. ಊರಿನಲ್ಲಿ ಮೂವತ್ತು ದಾಟಿದವರೆಲ್ಲ ಅವಳ ಕೈಮೇಲೆ ಹುಟ್ಟಿದವರು, ನಾನೂ ಸೇರಿ. ಹಿಂದೆ ಮುಂದೆ ಯಾರೂ ಇಲ್ಲದ ಮುದುಕಿ. ಅವಳು ಎಲ್ಲರಿಗೂ ಕೇಳುವಂತೆ, "ಈ ಹಾಲಪ್ಪ ಹುಟ್ಟಿದಾಗ ಮೊದಲು ಕಾಲ ಬಂದಿದ್ದು ನೋಡ್ರವಾ, ಅದಕ್ಕ ಅವನ ಕಾಲಿಗೆ ಬುದ್ಧಿ ಜಾಸ್ತಿ" ಎಂದು ಚೇಷ್ಟೆ ಮಾಡುತ್ತಿದ್ದಳು. ಜಲ್ಲಿ ಹಾಕಿ ಡಾಂಬರು ಹಾಕದೆ ಬಿಟ್ಟಿದ್ದ ತುಂಡು ದಾರಿಗೆ ಬಂದಾಗ ಹಾಲಪ್ಪನ ಬರಿಗಾಲಿನ ಹೆಬ್ಬೆರಳು ಮಡಚಿತು. ನಾನು ನೋಡಿದೆ.

"ಇಳೀರೆಪ್ಪಾ. ಲಗೂ."

ಯಾರೂ ಅಲುಗಲಿಲ್ಲ. ಮೂವತ್ತು ಜೊತೆ ಕಣ್ಣು ದೀಪದ ಕಡೆ ಹೋದವು. ದೀಪ ಸತ್ತ ಮೀನಿನ ಕಣ್ಣಿನ ಹಾಗೆ ಇತ್ತು.

"ಹತ್ತಿಲ್ಲಲ್ಲೋ."

"ಹತ್ತಲಿ ಬಿಡ್ಲಿ, ಇಳೀರಿ ಅಂತೀನಿ!"

"ಇಷ್ಟು ಬಿಸಲಾಗ ಸುಮ್ಮಸುಮ್ಮನ ಇಳೀಬೇಕೇನು? ಹಲಗಿ ಮ್ಯಾಲೆ ಏನು ಬರದೈತಿ ಓದಿಕೋ."

ಹಾಲಪ್ಪ ನನ್ನ ಕಡೆ ತಿರುಗಿದ. "ತಂಗಿ, ಇಳಸು ಮಂದೀನ. ಕಲ್ಲು ತಗಿ."

ನಾನು ದೀಪ ನೋಡಿದೆ. ಹನ್ನೊಂದು ವರ್ಷ ಅವನ ಕಾಲು ಒಮ್ಮೆಯೂ ತಪ್ಪಿದ್ದು ಕಂಡವಳಲ್ಲ. ಆದರೂ ಅವನನ್ನು ಬಿಟ್ಟು ದೀಪ ನೋಡಿದೆ. "ಅಣ್ಣಾ, ಒಂಚೂರು ತಡಿ, ಹತ್ತಲಿ" ಎಂದೆ.

ಅಷ್ಟರಲ್ಲಿ ಏರು ನಮ್ಮ ಕೆಳಗೆ ಎದ್ದಿತು. ಮುಂದಿನ ಗಾಜಿನಲ್ಲಿ ದಾರಿ ಹೋಗಿ ಆಕಾಶ ಬಂತು. ಎಂಜಿನ್ನು ಕೆಮ್ಮಿ ನಿಂತಿತು. ಹಾಲಪ್ಪ ಬ್ರೇಕಿನ ಮೇಲೆ ಎದ್ದು ನಿಂತ ಹಾಗೆ ಒತ್ತಿದ. ಗಾಲಿ ತಿರುಗಲಿಲ್ಲ, ತಿರುಗದೆಯೇ ಜಲ್ಲಿಯ ಮೇಲೆ ಜಾರಿತು, ವ್ಯಾನು ಮೂವತ್ತು ಮಂದಿಯ ಭಾರ ಹೊತ್ತು ಹಿಂದಕ್ಕೆ ಹೊರಟಿತು. ನಾನು ಸೀಟಿನ ಕೆಳಗೆ ಕೈ ಹಾಕಿದೆ, ಚೀಲಗಳು ಮೈಮೇಲೆ ಬಿದ್ದವು, ಕಲ್ಲು ಸಿಗಲಿಲ್ಲ. ಹಿಂದೆ ಎಡಕ್ಕೆ ಬಾವಿ ಇತ್ತು. ಹಾಲಪ್ಪ ಕನ್ನಡಿ ನೋಡಿಕೊಂಡು ಸ್ಟೇರಿಂಗು ಪೂರಾ ತಿರುಗಿಸಿ ಬಲಕ್ಕೆ, ಹೊಲದ ಕಲ್ಲಿನ ಒಡ್ಡಿಗೆ ತಂದು ಆನಿಸಿದ. ಹಿಂದಿನ ಗಾಜು ಪುಡಿಯಾಯಿತು. ಮೇಲಿನಿಂದ ಕಬ್ಬಿಣದ ಟ್ರಂಕೊಂದು ಜಾರಿ ಗುರುಬಸವ್ವನ ಕಾಲಿನ ಮೇಲೆ ಬಿತ್ತು. ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ಬಾವಿಗೆ ಹೋಗಿದ್ದರೆ ಈ ಕಥೆ ಹೇಳಲು ನಾನಿರುತ್ತಿರಲಿಲ್ಲ, ಸಾಕ್ಷಿ ಹೇಳಲು ಆ ಮೂವತ್ತು ಮಂದಿಯೂ ಇರುತ್ತಿರಲಿಲ್ಲ.

ಸಾಕ್ಷಿ ಹೇಳಿದರು. ಮೂರನೆಯ ದಿನ ಸಂಘದ ಜಗಲಿಯ ಮೇಲೆ ವಿಚಾರಣೆ. ಶಿವಲಿಂಗಯ್ಯನವರು ಒಬ್ಬೊಬ್ಬರನ್ನೇ ಕರೆದು ಒಂದೇ ಪ್ರಶ್ನೆ ಕೇಳಿದರು: "ದೀಪ ಹತ್ತಿತ್ತೇನು?" ಒಬ್ಬೊಬ್ಬರೂ, "ಇಲ್ರಿ" ಎಂದರು. ಹಣೆಗೆ ಪಟ್ಟಿ ಕಟ್ಟಿಕೊಂಡವನೂ ಇಲ್ರಿ, ಒಡ್ಡಿನ ಕಲ್ಲು ತರಚಿದ ಮೊಣಕೈ ಹಿಡಿದುಕೊಂಡವಳೂ ಇಲ್ರಿ. ಏರಿನ ಮೇಲೆ ಹಿಂದಕ್ಕೆ ಜಾರಿ ಬಂದ ಜನ ಇವರು! ಆಕಾಶ ಕಂಡಿತ್ತೇನು ಎಂದು ಕೇಳಲಿಲ್ಲ. ಹಾಲಪ್ಪ ಇಳೀರಿ ಅಂದನೇನು ಎಂದು ಕೇಳಲಿಲ್ಲ. ಕೊನೆಗೆ ನನ್ನನ್ನು ಕರೆದರು.

"ಹೊನ್ನವ್ವ, ನೀ ಕಂಡಕ್ಟರ್. ಖರೇ ಹೇಳು. ದೀಪ ಹತ್ತಿತ್ತೇನು?"

ಹೇಳಬೇಕಾದದ್ದು ಬಾಯಲ್ಲಿತ್ತು. ಟಿಕೆಟ್ಟಿನ ಚೀಲ ಕೊರಳಲ್ಲಿತ್ತು. "ಇಲ್ರಿ" ಎಂದೆ. ಒಂದು ಅಕ್ಷರ ಸುಳ್ಳಿಲ್ಲ ಅದರಲ್ಲಿ. ಆದರೂ ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಜೀವಮಾನದಲ್ಲಿ ಹೇಳಿಲ್ಲ.

"ದೀಪ ಹತ್ತಿಲ್ಲ ಅಂದ್ರ ಏರಿಲ್ಲ" ಎಂದರು ಶಿವಲಿಂಗಯ್ಯನವರು. "ಏರಿಲ್ಲದ ದಾರಿಯೊಳಗ ವ್ಯಾನು ಹಿಂದ ಹೋತು ಅಂದ್ರ ತಪ್ಪು ಯಾರದು?"

ಹಾಲಪ್ಪ ತಲೆ ತಗ್ಗಿಸಲಿಲ್ಲ. ಗುಂಪಿನಿಂದ ಯಾರೋ, "ಇಳಸಬೇಕಂತಿದ್ರ ಕ್ಲಚ್ ಒತ್ತಿ ಜೋರ ಮಾಡಿ ದೀಪ ಹಚ್ಚಬೇಕಿತ್ತಪಾ, ಇಳೀತಿದ್ವಿ" ಎಂದರು. ಅವನು ಆ ಕಡೆ ಒಮ್ಮೆ ನೋಡಿದ. "ಮುವ್ವತ್ತು ವರ್ಷ ಬಾಯಿಲೆ ಖರೇ ಹೇಳೀನಿ. ಇನ್ನ ದೀಪದಿಂದ ಸುಳ್ಳ ಹೇಳಲೇನು?" ಎಂದು ಕೀಲಿಯನ್ನು ಜಗಲಿಯ ಮೇಲಿಟ್ಟು ಹೋದ. ಸೀಟಿನ ಕೆಳಗೆ ಉಳಿದಿದ್ದ ಅವನ ಬಲಗಾಲಿನ ಚಪ್ಪಲಿಯನ್ನು ಮನೆಗೆ ಮುಟ್ಟಿಸಿದವಳು ನಾನು. ಅವನು ತೆಗೆದುಕೊಂಡು, "ಚಹಾ ಕುಡೀತಿ ಏನು ತಂಗಿ?" ಎಂದ. ಬೈದಿದ್ದರೆ ಚೆನ್ನಾಗಿತ್ತು.

ಹೊಸ ಡ್ರೈವರು ಮಹಾಂತೇಶ, ಶಿವಲಿಂಗಯ್ಯನವರ ಷಡ್ಡಕನ ಕಡೆಯವನು. ಕೆಟ್ಟವನಲ್ಲ, ಎರಡೂ ಕಾಲಿಗೆ ಬೂಟು ಹಾಕುತ್ತಾನೆ. ಅವನು ಬಂದ ಮೊದಲ ಬೆಳಿಗ್ಗೆಯೇ ಹಾಲಪ್ಪ ಬುತ್ತಿಗಂಟು ಹಿಡಿದು ವ್ಯಾನು ಹತ್ತಿದ. ಆಸ್ಪತ್ರೆಯಲ್ಲಿ ಮಲಗಿದ್ದ ಗುರುಬಸವ್ವನಿಗೆ ರೊಟ್ಟಿ, ಪಲ್ಯ. ಅವಳಿಗೆ ಕೊಂಡೊಯ್ಯುವವರು ಬೇರೆ ಯಾರಿದ್ದರು? ಅವಳ ಕೈಮೇಲೆ ಹುಟ್ಟಿದ ಊರಿಗೆ ಊರೇ ಇತ್ತು, ಬುತ್ತಿ ಮಾತ್ರ ಅವನದು. ಕೊನೆಯ ಸೀಟಿನಲ್ಲಿ ಕೂತು ಬಲಗಾಲಿನ ಚಪ್ಪಲಿ ಬಿಟ್ಟ. ನಾನು ಟಿಕೆಟ್ಟು ಹರಿದು ಕೊಟ್ಟೆ. ಅವನು ಕೊಟ್ಟ ದುಡ್ಡು ಎಣಿಸಿ ಚೀಲಕ್ಕೆ ಹಾಕಿಕೊಂಡೆ. ಕುಂಬಾರರ ಆವಿಗೆ ದಾಟುತ್ತಿದ್ದಂತೆ ಅವನು ಮಾತಿಲ್ಲದೆ ಎದ್ದ, ಬಾಗಿಲು ಬಡಿದು ವ್ಯಾನು ನಿಲ್ಲಿಸಿದ, ಸೀಟಿನ ಕೆಳಗಿಂದ ಒಂದು ಕಲ್ಲು ಎಳೆದು ಹೊತ್ತುಕೊಂಡು ಇಳಿದ. ದೀಪ ಹತ್ತಿರಲಿಲ್ಲ. ಒಂದು ಗಳಿಗೆ ಎಲ್ಲರೂ ಕೂತೇ ಇದ್ದರು. ಆಮೇಲೆ ಹಣೆಗೆ ಪಟ್ಟಿ ಕಟ್ಟಿಕೊಂಡವನು ಕೆಮ್ಮುತ್ತ ಎದ್ದು, "ಕಾಲು ಜೋಮು ಹಿಡದಾವ" ಎಂದು ಇಳಿದ. ಇನ್ನೊಬ್ಬನಿಗೆ ಬೀಡಿ ಸೇದಬೇಕಿತ್ತು. ಒಬ್ಬಳಿಗೆ ಗಾಳಿ ಬೇಕಿತ್ತು. ಒಬ್ಬೊಬ್ಬರೂ ಒಂದೊಂದು ನೆಪ ಹೇಳಿ ಇಳಿದರು. ಎಲ್ಲರೂ ಇಳಿದಾದ ಮೇಲೆ ಮಹಾಂತೇಶ ಕ್ಲಚ್ಚು ಒತ್ತಿ ಎಂಜಿನ್ನನ್ನು ಕಿರಿಚಿಸಿ ದೀಪ ಹಚ್ಚಿದ, ಹಲಗೆಯ ಅಪ್ಪಣೆ ಮುರಿಯದಿರಲೆಂದು.

ದಿನಾ ಇದೇ ಆಯಿತು. ಹಾಲಪ್ಪ ಎದ್ದರೆ ವ್ಯಾನು ನಿಲ್ಲುತ್ತದೆ, ಜನ ಇಳಿಯುತ್ತಾರೆ, ಆಮೇಲೆ ದೀಪ ಹತ್ತುತ್ತದೆ. ಯಾರೂ ಅವನ ಹೆಸರು ಎತ್ತುವುದಿಲ್ಲ. ಸಂಘದ ಸಭೆಯಲ್ಲಿ, ದೀಪ ಬಂದ ಮೇಲೆ ಒಂದು ಅನಾಹುತ ಬಿಟ್ಟರೆ ಎಲ್ಲ ಸುಸೂತ್ರ ಎಂದು ಓದಿದರು, ಅದೇ ಜನ ಚಪ್ಪಾಳೆ ತಟ್ಟಿದರು. ದೀಪ ಹತ್ತಿದರೆ ಮಾಡುವ ಕೆಲಸ ಚಪ್ಪಾಳೆಯೇ ಎಂದು ಹಾಲಪ್ಪ ಮೊದಲೇ ಹೇಳಿದ್ದ. ನನಗೆ ಆವತ್ತು ಮೈ ಉರಿದು ಹೋಯಿತು. ಒಬ್ಬನ ಕಾಲಿನಿಂದ ಊರು ಬದುಕಬೇಕು, ಆ ಕಾಲು ಹೊತ್ತು ತಂದದ್ದಕ್ಕೆ ಅವನೇ ಟಿಕೆಟ್ಟು ತೆಗೆಯಬೇಕು! ಮರುದಿನದಿಂದ ನಾನು ಅವನಿಗೆ ಟಿಕೆಟ್ಟು ಹರಿಯುವುದು ಬಿಟ್ಟೆ. ಅವನು ಕೈ ಚಾಚಿದರೆ ನೋಡದವಳ ಹಾಗೆ ಮುಂದೆ ಹೋದೆ. ಕಲ್ಲುಗಳನ್ನು ಬಾಗಿಲ ಹತ್ತಿರ ತಂದಿಟ್ಟೆ.

ಹದಿನೈದು ದಿನ ಕಳೆದಿರಬೇಕು, ಶಿವಲಿಂಗಯ್ಯನವರು ವ್ಯಾನು ಹತ್ತಿದರು. ಬಿಳಿ ಧೋತರ, ಮಡಿಕೆ ಮುರಿದಿರಲಿಲ್ಲ. ದೀಪದ ಹಿಂದಿನ ಸೀಟಿನಲ್ಲೇ ಕೂತರು. ಹುಣಸೆಮರ ದಾಟಿದ್ದೆವು. ಹಾಲಪ್ಪ ಎದ್ದ, ವ್ಯಾನು ನಿಂತಿತು. ಜನ ಶಿವಲಿಂಗಯ್ಯನವರ ಮುಖ ನೋಡಿದರು, ಹಾಲಪ್ಪನ ಬೆನ್ನು ನೋಡಿದರು. ನಾನು ಬಾಗಿಲಲ್ಲಿ ನಿಂತು, "ಇಳೀರೆಪ್ಪಾ, ಬಂತು" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿತು. ನೆಪ ಹೇಳದೆ ಇಳಿದರು ಆವತ್ತು. ಹಾಲಪ್ಪ ಒಂದು ಕಲ್ಲು, ನಾನು ಒಂದು ಕಲ್ಲು.

ಶಿವಲಿಂಗಯ್ಯನವರು ಒಬ್ಬರೇ ಒಳಗೆ ಉಳಿದರು. ಹಾಲಪ್ಪ ಗಾಲಿಯ ಪಕ್ಕದಿಂದ ತಲೆ ಎತ್ತಿ, "ನೀವು ಕೂಡ್ರಿ ಸಾಹೇಬ್ರ. ದೀಪ ಹತ್ತಿಲ್ಲ" ಎಂದ. ವ್ಯಾನಿನ ಮೂತಿ ಮೆಲ್ಲಗೆ ಮೇಲೇಳತೊಡಗಿತ್ತು. ಅವರು ಎರಡೂ ಕೈಯಿಂದ ಮುಂದಿನ ಸೀಟು ಹಿಡಿದುಕೊಂಡು ದೀಪವನ್ನೇ ನೋಡುತ್ತಿದ್ದರು. ಮಹಾಂತೇಶನಿಗೆ ಪಾಪ ಅನಿಸಿರಬೇಕು, ಕ್ಲಚ್ಚು ಒತ್ತಿ ಜೋರು ಮಾಡಿದ. ದೀಪ ಹತ್ತಿತು.

"ಹತ್ತಿತು ನೋಡ್ರಿ ಈಗ!" ಎಂದು ಅವರು ಗೆದ್ದವರ ಹಾಗೆ ಇಳಿದರು. ಇಳಿದ ಮೇಲೂ ಅವರು ಅಷ್ಟಕ್ಕೆ ಬಿಡಲಿಲ್ಲ. ಸೆಡವು ಎಲ್ಲಾದರೂ ತೀರಬೇಕಲ್ಲ. ಧೋತರ ಎತ್ತಿ ಹಿಡಿದು ನನ್ನ ಹಿಂದೆಯೇ ಏರು ಹತ್ತುತ್ತ, "ಹೊನ್ನವ್ವ, ನಾ ಕುಂತಲ್ಲಿಂದ ನೋಡೀನಿ. ಎಲ್ಲಾರಿಗೂ ಹರದಿ, ಹಾಲಪ್ಪಗ ಟಿಕೆಟ್ ಹರೀಲಿಲ್ಲ ನೀ. ಯಾಕ?" ಎಂದರು.

ಕಲ್ಲು ಭಾರವಾಗಿತ್ತು. ಕೊರಳಲ್ಲಿ ಚೀಲ ತೂಗುತ್ತಿತ್ತು, ಬೇಕಾದರೆ ಇವತ್ತೇ ಕಸಿದುಕೊಳ್ಳಲಿ ಎನಿಸಿತು. ಮೂವತ್ತು ಮಂದಿ ಅಕ್ಕಪಕ್ಕ ನಡೆಯುತ್ತಿದ್ದರು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

"ಡ್ರೈವರಗ ಯಾರರ ಟಿಕೆಟ್ ಹರೀತಾರೇನ್ರಿ?"